ಕಂದು ಯಾವುದು, ಕೆಂಪು ಯಾವುದು

ರೆಸಿಸ್ಟರ್ ಅಂದರೆ ಕರೆಂಟಿನ ಹರಿವನ್ನು ತಡೆಯುವ ಸಣ್ಣ ಸಾಮಾನು. ಅದರ ಮೈಮೇಲೆ ಬಣ್ಣದ ಪಟ್ಟಿಗಳಿರುತ್ತವೆ. ಒಂದೊಂದು ಬಣ್ಣಕ್ಕೆ ಒಂದೊಂದು ಅಂಕಿ. ಇದನ್ನು ಬಾಯಿಪಾಠ ಮಾಡಲು ಇಂಗ್ಲಿಷಿನಲ್ಲಿ ಕಲಿತವರು ಏನೇನೋ ವಾಕ್ಯ ಕಟ್ಟಿಕೊಳ್ಳುತ್ತಾರೆ. ಕನ್ನಡದಲ್ಲಿ ಆ ಕಷ್ಟವೇ ಬೇಡ. ಸೊನ್ನೆಯಿಂದ ಒಂಬತ್ತರ ತನಕ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ: ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ನಾಲ್ಕು ಕ, ಎರಡು ಹ, ಎರಡು ನ, ಎರಡು ಬ. ಯಾರೋ ಕೂತು ಪ್ರಾಸ ನೋಡಿ ಜೋಡಿಸಿದ ಹಾಗಿದೆ. ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಮಾಡುವ ನನಗೆ ಇದು ಹೊಳೆದದ್ದು ಕಳೆದ ಜುಲೈಯಲ್ಲಿ. ಕಲೆಕ್ಟರು ಮಳೆಗೆ ರಜೆ ಕೊಟ್ಟ ಒಂದು ದಿನ, ಊಟದ ಮೇಜಿನ ಮೇಲೆ ರೆಸಿಸ್ಟರುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದೆ. ಖುಷಿ ತಡೆಯಲಾಗದೆ ಎರಡು ಸಲ ರಾಗ ಹಾಕಿ ಹೇಳಿದೆ. ಅಡುಗೆಮನೆಯಿಂದ ಅಮ್ಮ, "ಎಂತದಾ ಅದು, ಹೊಸ ಸ್ತೋತ್ರವಾ?" ಅಂದರು.

ಆ ನಾಲ್ಕು ಕಕಾರಗಳಲ್ಲಿ ಎರಡು ಸೇರಿಕೊಂಡು ನನ್ನನ್ನು ಮೂರು ವಾರ ಆಟ ಆಡಿಸಿದವು. ಬರೆಯಲು ಕೂತದ್ದು ಅದನ್ನೇ. ಆದರೆ ಕನ್ನಡ ಮಾಷ್ಟ್ರ ಊಟದ ಮೇಜಿಗೆ ರೆಸಿಸ್ಟರ್ ಯಾಕೆ ಬಂತು ಅಂತ ಮೊದಲು ಹೇಳಬೇಕಲ್ಲ.

ನಮ್ಮ ಶಾಲೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಆಚೆ. ಮೇ ತಿಂಗಳ ಕೊನೆಗೆ, ಶಾಲೆ ಶುರುವಾಗುವ ಮೊದಲು, ಹಳೆ ಸಾಮಾನಿನ ಕೋಣೆ ಖಾಲಿ ಮಾಡಿದೆವು. ಅಲ್ಲಿ ಕಂಪ್ಯೂಟರ್ ಇಡಬೇಕಿತ್ತು. ಹೊರಗೆ ಬಂದ ಸಾಮಾನು ನೋಡಬೇಕಿತ್ತು ನೀವು. ಒಂದೇ ಕಾಲಿನ ಗ್ಲೋಬು. ಗೆದ್ದಲು ತಿಂದ ಹಾರ್ಮೋನಿಯಂ. 'ಮೈಸೂರು ರಾಜ್ಯ' ಅಂತ ಬರೆದ ಒಂದು ಭೂಪಟ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ, ಹಾಗಾಗಿ ಅದು ಅದಕ್ಕೂ ಹಿಂದಿನದು. ನಾವು 1956ರಲ್ಲೇ ಕೇರಳಕ್ಕೆ ಸೇರಿದವರು. ಅಂದರೆ ಇಲ್ಲಿಯ ಮಕ್ಕಳು ತಮ್ಮ ಊರೇ ಇಲ್ಲದ ಭೂಪಟ ನೋಡಿ ಭೂಗೋಳ ಕಲಿತಿದ್ದಾರೆ. ಇರಲಿ, ಅದು ಬೇರೆಯೇ ಬರಹವಾಗುತ್ತದೆ.

ಎಲ್ಲದರ ಅಡಿಯಲ್ಲಿ ಒಂದು ಮರದ ಪೆಟ್ಟಿಗೆ. ತೆರೆದರೆ ರೆಕಾರ್ಡುಗಳು. ಇಪ್ಪತ್ತೆರಡು ಸಣ್ಣವು, ಮೂರು ದೊಡ್ಡವು. ಶಾರದಾ ಪೂಜೆಗೆ, ವಾರ್ಷಿಕೋತ್ಸವಕ್ಕೆ ಹಾಕುತ್ತಿದ್ದವು ಇರಬೇಕು. ಭಾವಗೀತೆ, ದೇವರನಾಮ, ಜಾನಪದ. ಗಾಯಕ ಪಿ. ಕಾಳಿಂಗರಾಯರದ್ದು ಮೂರು. ಎಲ್ಲದಕ್ಕೂ ಬೂಷ್ಟು ಹಿಡಿದಿತ್ತು. ಒಂದು ಲಕೋಟೆಯ ಮೇಲೆ ನೀಲಿ ಶಾಯಿಯಲ್ಲಿ ಮುದ್ದಾದ ಅಕ್ಷರ: 'ಕೋಲಾಟಕ್ಕೆ. ಎರಡನೇ ಬದಿ. ಮಧ್ಯದಲ್ಲಿ ನಿಲ್ಲಿಸಬೇಡಿ.' ಯಾವ ಟೀಚರು ಯಾರಿಗೆ ಬರೆದದ್ದೋ. ಮೈಕಿನ ಹುಡುಗ ಒಂದು ವರ್ಷ ನಡುವೆ ನಿಲ್ಲಿಸಿ ಪೇಚಿಗೆ ಸಿಕ್ಕಿಸಿರಬೇಕು.

"ಬೇಕಾದರೆ ಕೊಂಡುಹೋಗಿ ಮಾಷ್ಟ್ರೇ, ಇಲ್ಲದಿದ್ದರೆ ಗುಜರಿಗೆ" ಅಂದರು ಹೆಡ್‌ಮಾಷ್ಟ್ರು. ಕೊಂಡುಹೋದೆ.

ತೊಳೆಯುವುದು ಸುಲಭ. ಬಟ್ಟಲಲ್ಲಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ಮೆತ್ತಗಿನ ಬಟ್ಟೆ, ನಡುವಿನ ಕಾಗದಕ್ಕೆ ನೀರು ತಾಗದ ಹಾಗೆ ಎಚ್ಚರ. ಕೇಳುವುದು ಹೇಗೆ? ಶಾರ್ಜಾದಲ್ಲಿದ್ದ ಭಾವ ಊರಿಗೆ ವಾಪಸ್ ಬರುವಾಗ ತಂದ ಜಪಾನಿನ ಹಳೆ ಟರ್ನ್‌ಟೇಬಲ್ ಒಂದು ಅವರ ಅಟ್ಟದಲ್ಲಿತ್ತು. ಬೆಲ್ಟ್ ಹೊಸದು ಹಾಕಿದೆ. ಸೂಜಿಗೆ ಆಡಿಯೋ ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ ತರಿಸಿದೆ. ಸೂಜಿಯ ಅದುರಾಟವನ್ನು ಕರೆಂಟು ಮಾಡುವುದು ಅದೇ. ಮನೆಯಲ್ಲಿ ಆಂಪ್ಲಿಫೈಯರ್ ಇತ್ತು, ಟೇಪ್ ರೆಕಾರ್ಡರ್ ಕಾಲದ್ದು. ವೈರು ಸಿಕ್ಕಿಸಿ, ಕಾಳಿಂಗರಾಯರನ್ನು ಇಟ್ಟು, ವಾಲ್ಯೂಮ್ ಪೂರ್ತಿ ತಿರುಗಿಸಿದೆ.

ಸೊಳ್ಳೆ ಹಾಡಿದ ಹಾಗೆ ಕೇಳಿಸಿತು. ಅವರ ಆ ತುಂಬು ಕಂಠ ಇದೆಯಲ್ಲ, ಅದರ ನೆರಳೂ ಇಲ್ಲ. ಬರೀ ಸ್ಸ್ ಶ್ಶ್.

ಆಗಲೇ ಗೊತ್ತಾದದ್ದು, ನಡುವೆ ಇನ್ನೊಂದು ಪೆಟ್ಟಿಗೆ ಬೇಕು ಅಂತ. ಫೋನೋ ಪ್ರೀಆಂಪ್. ಈ ಕಾರ್ಟ್ರಿಜ್ ಕೊಡುವುದು ಸುಮಾರು 4 ಮಿಲಿವೋಲ್ಟ್. ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ಲಿಗೆ 1.5 ವೋಲ್ಟ್ ಇರುತ್ತದಲ್ಲ, ಅದನ್ನು 375 ಪಾಲು ಮಾಡಿದರೆ ಒಂದು ಪಾಲು. ಇದನ್ನು ನೂರು ಪಟ್ಟು ದೊಡ್ಡದು ಮಾಡಿದ ಮೇಲೆಯೇ ಆಂಪ್ಲಿಫೈಯರಿನ ಕಿವಿಗೆ ಬೀಳುವುದು. ಅಜ್ಜನ ಕಾಲದ ಎಚ್‌ಎಂವಿ ಪ್ಲೇಯರುಗಳಲ್ಲಿ ಈ ಉಪದ್ರ ಇರಲಿಲ್ಲ. ಅವುಗಳ ಕ್ರಿಸ್ಟಲ್, ಸೆರಾಮಿಕ್ ಕಾರ್ಟ್ರಿಜ್‌ಗಳು ಇದಕ್ಕಿಂತ ಎಷ್ಟೋ ಜಾಸ್ತಿ ವೋಲ್ಟೇಜ್ ಕೊಡುತ್ತಿದ್ದವು. ಆದರೆ ರೆಕಾರ್ಡಿನ ಮೇಲೆ ಭಾರವನ್ನೂ ಅಷ್ಟೇ ಹಾಕುತ್ತಿದ್ದವು.

ಬರೀ ದೊಡ್ಡದು ಮಾಡಿದರೂ ಸಾಲದು. ಇದು ನನಗೆ ತುಂಬ ಹಿಡಿಸಿದ ಸಂಗತಿ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ಹಳೆ ಮನೆಗಳ ಬಾಗಿಲು ತಗ್ಗು. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು, ಇಲ್ಲದಿದ್ದರೆ ದಾರಂದ ಹಣೆಗೆ ಬಡಿಯುತ್ತದೆ. ಒಳಗೆ ಹೋದ ಮೇಲೆ ಮತ್ತೆ ನೆಟ್ಟಗೆ ನಿಲ್ಲಬಹುದು. ರೆಕಾರ್ಡಿನ ಗೀರಿಗೆ ಇಳಿಯುವಾಗ ಬೇಸ್ ಮಾಡುವುದೂ ಇದನ್ನೇ. ದಪ್ಪ ಸ್ವರಗಳನ್ನು ಇದ್ದ ಹಾಗೆ ಕೊರೆದರೆ ಗೀರು ಎಡಬಲಕ್ಕೆ ಜೋರಾಗಿ ಓಲಾಡಿ ಪಕ್ಕದ ಗೀರಿಗೆ ಹೋಗಿ ತಾಗುತ್ತದೆ. ಸೂಜಿಯೂ ಹಾರುತ್ತದೆ. ಅದಕ್ಕೆ ಕೊರೆಯುವಾಗ ಬೇಸನ್ನು ತಗ್ಗಿಸುತ್ತಾರೆ. ಸಪೂರ ಸ್ವರಗಳನ್ನು ತಿರುಗಿ ಎತ್ತಿ ಕೊರೆಯುತ್ತಾರೆ, ತಟ್ಟೆಯ ಗರಗರದಲ್ಲಿ ಅವು ಮುಳುಗಬಾರದು ಅಂತ. ನುಡಿಸುವಾಗ ಇದೆಲ್ಲ ಉಲ್ಟಾ ಆಗಬೇಕು. ಮೊದಲು ಒಂದೊಂದು ಕಂಪನಿಯದ್ದು ಒಂದೊಂದು ಲೆಕ್ಕ ಇತ್ತು. 1954ರ ಹೊತ್ತಿಗೆ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ, ಅಂದರೆ ಆರ್‌ಐಎಎ, ಒಂದೇ ಲೆಕ್ಕ ಮಾಡಿತು. ಆಮೇಲೆ ಲೋಕವೆಲ್ಲ ಅದನ್ನೇ ಹಿಡಿಯಿತು. 1000 ಹರ್ಟ್ಸ್‌ನ (ಸೆಕೆಂಡಿಗೆ ಸಾವಿರ ಸಲ ಅದುರುವ) ಸ್ವರಕ್ಕೆ ಹೋಲಿಸಿದರೆ 20 ಹರ್ಟ್ಸ್‌ನದ್ದನ್ನು ಸುಮಾರು ಹತ್ತು ಪಟ್ಟು ಎತ್ತಬೇಕು. 20,000 ಹರ್ಟ್ಸ್‌ನದ್ದನ್ನು ಅಷ್ಟೇ ಇಳಿಸಬೇಕು. ಬಗ್ಗಿ ಒಳಗೆ ಬಂದವರನ್ನು ನೆಟ್ಟಗೆ ನಿಲ್ಲಿಸುವುದು ಪ್ರೀಆಂಪಿನ ಎರಡನೇ ಕೆಲಸ.

ಸಿದ್ಧ ಪೆಟ್ಟಿಗೆ ಕೊಳ್ಳಬಹುದಿತ್ತು. ಯಾಕೆ ಕೊಳ್ಳಲಿಲ್ಲ ಅಂದರೆ, ಆನ್‌ಲೈನಿನಲ್ಲಿ ಕಿಟ್ 650 ರೂಪಾಯಿಗೆ ಕಂಡಿತು. ಅದರ ಕೆಳಗೆ 'ಹೊಸಬರಿಗೂ ಸುಲಭ' ಅಂತ ಬರೆದಿತ್ತು. ಈ ಮಾತನ್ನು ಹಳಬರೇ ಬರೆಯುತ್ತಾರೆ ಅಂತ ಈಗ ಗೊತ್ತು.

ಕೊರಿಯರಿನವರು ನಮ್ಮ ಮನೆ ತನಕ ಬರುವುದಿಲ್ಲ. ಪೇಟೆಯ ದಿನಸಿ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ಅಕ್ಕಿ, ಬೆಲ್ಲದ ಜೊತೆ ಕಿಟ್ಟೂ ಮನೆಗೆ ಬಂತು. ಅಂಗೈಯಷ್ಟು ಹಸಿರು ಬೋರ್ಡು. ಒಂದೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎಲ್ಲ ಬೆರಕೆ: ನೀಲಿ ಮೈಯ ರೆಸಿಸ್ಟರು, ಡಬ್ಬಿ ಆಕಾರದ ಕೆಪಾಸಿಟರು, ಎಂಟು ಕಾಲಿನ ಎನ್‌ಇ5532 ಐಸಿ, ಒಂದು ಎಲ್‌ಇಡಿ. ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಒಂದು ಹಾಳೆ. ಹಾಳೆ ಇಂಗ್ಲಿಷಿನಲ್ಲಿ, ಟ್ರಾನ್ಸ್‌ಫಾರ್ಮರಿನ ಅಂಗಡಿಯವರ ವಿವರಣೆ ಮಲಯಾಳದಲ್ಲಿ, ಗುಣಾಕಾರ ಭಾಗಾಕಾರ ನನ್ನ ತಲೆಯಲ್ಲಿ ಕನ್ನಡದಲ್ಲಿ. ಇಲ್ಲಿ ಇದು ಮಾಮೂಲು.

ಸೋಲ್ಡರಿಂಗ್ ಐರನ್ ಹಿಡಿದದ್ದು ಜೀವನದಲ್ಲಿ ಮೊದಲ ಸಲ. 25 ವಾಟಿನದ್ದು. ಮೊದಲ ದಿನ ಲೆಡ್ಡು, ಅಂದರೆ ಬೆಸುಗೆಗೆ ಕರಗಿಸುವ ತಂತಿ, ಎಲ್ಲಿಗೂ ಹಿಡಿಯಲಿಲ್ಲ. ಐರನಿನ ತುದಿಗೆ ಮುಟ್ಟಿಸಿದರೆ ಮುತ್ತಿನ ಹಾಗೆ ಗುಂಡಗಾಗಿ ಜಾರಿ ಬೀಳುತ್ತಿತ್ತು. ಮೇಜಿನ ಮೇಲೆ ಬಿತ್ತು, ಲುಂಗಿಯ ಮೇಲೆ ಬಿತ್ತು, ಒಂದು ಹನಿ ಕಾಲಿನ ಮೇಲೂ ಬಿತ್ತು. ಅಮ್ಮ ಬಂದು ನೋಡಿದರು. ಸ್ವಲ್ಪ ಹೊತ್ತು ನಿಂತು, "ಕಲಾಯಿ ಹಾಕುದು ಹೀಗಲ್ಲ" ಅಂದರು.

ನನಗೆ ನಗು ಬಂತು. ಆಮೇಲೆ ನಗು ನಿಂತಿತು, ಯಾಕೆಂದರೆ ಅವರು ಹೇಳಿದ್ದೇ ಸರಿ. ನಾನು ಸಣ್ಣವನಿರುವಾಗ ಕಲಾಯಿಯವರು ಅಂಗಳಕ್ಕೆ ಬರುತ್ತಿದ್ದರು. ಗುಂಡಿ ತೋಡಿ, ತಿದಿ ಒತ್ತಿ, ಕೆಂಡದ ಮೇಲೆ ಹಿತ್ತಾಳೆ ಪಾತ್ರೆ ಕಾಯಿಸುತ್ತಿದ್ದರು. ಪಾತ್ರೆ ಮೊದಲು, ತವರ ಆಮೇಲೆ. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚುತ್ತಿದ್ದರು. ಬಿಳಿ ಹೊಗೆ ಏಳುತ್ತಿತ್ತು. ಆಮೇಲೆ ತವರದ ಕಡ್ಡಿ ಮುಟ್ಟಿಸಿ ಬಟ್ಟೆಯಲ್ಲಿ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆ ಬೆಳ್ಳಿ ಹರಡುತ್ತಿತ್ತು. ನವಸಾಗರದ ಕೆಲಸ ಕಿಲುಬು ತೆಗೆಯುವುದು. ಕಿಲುಬಿನ ಮೇಲೆ ತವರ ಕೂರುವುದಿಲ್ಲ. ಸೋಲ್ಡರಿಂಗಿನಲ್ಲಿ ಆ ಕೆಲಸ ರಾಳದ್ದು. ಲೆಡ್ಡಿನ ತಂತಿಯ ಹೊಟ್ಟೆಯೊಳಗೇ ಅದು ಇರುತ್ತದೆ. ನಾನು ಮಾಡುತ್ತಿದ್ದ ತಪ್ಪು ಏನೆಂದರೆ, ಐರನಿನ ಮೇಲೆ ಲೆಡ್ಡು ಕರಗಿಸಿ ಬೋರ್ಡಿಗೆ ಬಳಿಯಲು ಹೋಗುತ್ತಿದ್ದೆ. ಬೋರ್ಡು ತಣ್ಣಗೇ ಇತ್ತು. ಐರನಿನ ತುದಿ ಕಪ್ಪಾಗಿತ್ತು. ತುದಿಯನ್ನು ಒದ್ದೆ ಸ್ಪಂಜಿಗೆ ಉಜ್ಜಿ, ಅದಕ್ಕೇ ಮೊದಲು ತೆಳ್ಳಗೆ ಕಲಾಯಿ ಹಾಕಿ, ಬೋರ್ಡಿನ ತಾಮ್ರಕ್ಕೂ ರೆಸಿಸ್ಟರಿನ ಕಾಲಿಗೂ ಒಟ್ಟಿಗೆ ತಾಗಿಸಿ ಎರಡು ಎಣಿಸಿ, ಆಮೇಲೆ ಲೆಡ್ಡು ಕೊಟ್ಟೆ. ಸುಯ್ಯಂತ ಹರಿದು ಕಾಲಿನ ಸುತ್ತ ಕೂತಿತು. ಸಣ್ಣ ಗುಡ್ಡದ ಆಕಾರ, ಹೊಳೆಯುವ ಮೈ.

ಆ ಹೊಗೆಯ ಪರಿಮಳ ಎಲ್ಲೋ ಕೇಳಿದ್ದು ಅನಿಸುತ್ತಿತ್ತು. ರಾತ್ರಿ ಮಲಗಿದಾಗ ನೆನಪಾಯಿತು. ಬಯಲಾಟದಲ್ಲಿ ಮಹಿಷಾಸುರ ಬರುವಾಗ ದೊಂದಿಗೆ ರಾಳದ ಪುಡಿ ಎರಚುತ್ತಾರಲ್ಲ, ಭಗ್ಗಂತ ಬೆಂಕಿ ಏಳುತ್ತದಲ್ಲ, ಅದೇ.

ಮುಂದಿನ ಮೂರು ರಜೆಗಳಲ್ಲಿ ಕೆಲಸ ಮುಗಿಯಿತು. ಜೋರು ಮಳೆ ಇದ್ದದ್ದು ನನ್ನ ಪುಣ್ಯ. 7812, 7912 ಅಂತ ಎರಡು ರೆಗ್ಯುಲೇಟರುಗಳಿವೆ. ಒಂದು ಪ್ಲಸ್ 12 ವೋಲ್ಟ್ ಕೊಡುತ್ತದೆ, ಇನ್ನೊಂದು ಮೈನಸ್ 12. ನೋಡಲು ಅವಳಿಜವಳಿ, ಆದರೆ ಕಾಲುಗಳ ಕೆಲಸ ಬೇರೆ ಬೇರೆ. ಅದಲು ಬದಲಾದರೆ ಸುಟ್ಟೇ ಹೋಗುತ್ತದೆ. ಅಲ್ಲಿ ಮೂರು ಸಲ ನೋಡಿದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರು ತಿರುಗಾಮುರುಗಾ ಆದರೆ ಪಟಾಕಿ ಅಂತ ಹೆದರಿಸಿದ್ದರು. ಅಲ್ಲಿಯೂ ಮೂರು ಸಲ ನೋಡಿದೆ. ರೆಸಿಸ್ಟರು ಮಾತ್ರ ಪಾಪದ ಸಾಮಾನು, ಯಾವ ಕಡೆಗೆ ತಿರುಗಿಸಿ ಹಾಕಿದರೂ ನಡೆಯುತ್ತದೆ. ಹಾಗಾಗಿ ಸಂಜೆ ಕರೆಂಟ್ ಹೋದ ಮೇಲೂ ಎಮರ್ಜೆನ್ಸಿ ಲ್ಯಾಂಪಿನ ಬೆಳಕಿನಲ್ಲಿ, ಕಪ್ಪು ಕಂದು ಕೆಂಪು ಕಿತ್ತಳೆ ಅಂತ ಹಾಡುತ್ತಾ, ಅವನ್ನೆಲ್ಲ ಸಲೀಸಾಗಿ ಹಾಕಿ ಮುಗಿಸಿದೆ.

ಕರೆಂಟಿನ ಭಾಗಕ್ಕೆ ಬಂದಾಗ ಮಾತ್ರ ಧೈರ್ಯ ಸಾಲಲಿಲ್ಲ. 230 ವೋಲ್ಟಿನ ಹತ್ತಿರ ಹೊಸಬರು ಆಟ ಆಡಬಾರದು. ಬದಿಯಡ್ಕ ಪೇಟೆಯಲ್ಲಿ ರೇಡಿಯೋ ಇಚ್ಚ ಇದ್ದಾರೆ. ಅವರನ್ನು ಎಲ್ಲರೂ ಕರೆಯುವುದು ಹಾಗೆಯೇ. ಎಪ್ಪತ್ತು ದಾಟಿದೆ. ರೇಡಿಯೋ ಈಗ ಯಾರೂ ತರುವುದಿಲ್ಲ, ಮಿಕ್ಸಿಯೂ ಇಂಡಕ್ಷನ್ ಒಲೆಯೂ ಬರುತ್ತವೆ. ನಮ್ಮ ಮನೆಯ ಆಂಪ್ಲಿಫೈಯರ್ 1994ರಲ್ಲಿ ಅವರೇ ಕೈಯಾರೆ ಅಸೆಂಬಲ್ ಮಾಡಿ ಕೊಟ್ಟದ್ದು.

ನಾನು ತಂದಿದ್ದ ಟ್ರಾನ್ಸ್‌ಫಾರ್ಮರ್ ನೋಡಿಯೇ ಅವರು ತಲೆ ಆಡಿಸಿದರು. "ಹನ್ನೆರಡು ಸೊನ್ನೆ ಹನ್ನೆರಡು ಆಗುದಿಲ್ಲ ಮಾಷೇ. ಹದಿನೈದು ಸೊನ್ನೆ ಹದಿನೈದು ಬೇಕು."

"ಹಾಳೆಯಲ್ಲಿ ಹನ್ನೆರಡು ನಡೆಯುತ್ತದೆ ಅಂತ ಉಂಟಲ್ಲ ಇಚ್ಚಾ?"

"ಹಾಳೆ ಬರೆದವನ ಮನೆಯಲ್ಲಿ ಮಳೆಗಾಲ ಇಲ್ಲ. ಇಲ್ಲಿ ಜುಲೈಯಲ್ಲಿ ಇನ್ನೂರು ವೋಲ್ಟ್ ಸಿಕ್ಕಿದರೆ ಪುಣ್ಯ."

ಲೆಕ್ಕ ಸರಿಯೇ. 7812ಕ್ಕೆ 12 ವೋಲ್ಟ್ ಹೊರಗೆ ಕೊಡಬೇಕಾದರೆ ಒಳಗೆ ಸುಮಾರು ಎರಡು ವೋಲ್ಟ್ ಜಾಸ್ತಿ ಸಿಗಬೇಕು. ಲೈನಿನಲ್ಲಿ ವೋಲ್ಟೇಜ್ ಬಿದ್ದಾಗ ಹನ್ನೆರಡರ ಟ್ರಾನ್ಸ್‌ಫಾರ್ಮರಿನಿಂದ ಅಷ್ಟು ಬರುವುದಿಲ್ಲ. ಬದಲಾಯಿಸಿ ತಂದೆ. ಫ್ಯೂಸು, ಸ್ವಿಚ್ಚು, ಅರ್ಥಿಂಗ್ ವೈರು ಎಲ್ಲ ಅವರೇ ಕೂತು ಹಾಕಿಸಿದರು.

ಮೊದಲ ಸಲ ಕರೆಂಟ್ ಕೊಟ್ಟದ್ದು ಅವರ ಸೀರೀಸ್ ಬೋರ್ಡಿನಲ್ಲಿ. ಹಳೆ ಕಾಲದ 60 ವಾಟಿನ ಒಂದು ಬಲ್ಬು, ಅದರ ಮೂಲಕವೇ ಕರೆಂಟ್ ಹೋಗಬೇಕು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಝಗ್ಗಂತ ಉರಿಯುತ್ತದೆ, ನಮ್ಮ ಸಾಮಾನು ಉಳಿಯುತ್ತದೆ. ಇಚ್ಚ ಸ್ವಿಚ್ ಒತ್ತಿದರು. ನಾನು ಉಸಿರು ಹಿಡಿದಿದ್ದೆ. ಬಲ್ಬಿನ ತಂತಿ ಒಂದು ಕ್ಷಣ ಕೆಂಪಗಾದ ಹಾಗೆ ಕಂಡು ಆರಿತು. ನನ್ನ ಬೋರ್ಡಿನ ಎಲ್‌ಇಡಿ ಹತ್ತಿಕೊಂಡಿತು. ಮೆಲ್ಲಗೆ, ಮಿಣುಕುಹುಳದ ಹಾಗೆ.

"ಲೈಟು ಮಂಕು ಉಂಟಲ್ಲ ಮಾಷೇ" ಅಂದರು ಇಚ್ಚ.

"ಸೀರೀಸಿನಲ್ಲಿ ಇದೆಯಲ್ಲ" ಅಂದೆ ನಾನು. ಎಷ್ಟು ಬೇಗ ವಿದ್ವಾಂಸ ಆಗಿದ್ದೆ ನೋಡಿ. ಅವರು ಕನ್ನಡಕದ ಮೇಲಿಂದ ಒಮ್ಮೆ ನನ್ನನ್ನು ನೋಡಿದರು. ಅಷ್ಟರಲ್ಲಿ ಯಾರೋ ಮಿಕ್ಸಿ ಹಿಡಿದು ಬಂದರು, ಮಾತು ಅಲ್ಲಿಗೇ ನಿಂತಿತು.

ಮನೆಯಲ್ಲಿ ಸೀರೀಸ್ ಇಲ್ಲದೆ ಸಿಕ್ಕಿಸಿದಾಗಲೂ ಎಲ್‌ಇಡಿ ಅಷ್ಟೇ ಮಂಕು. ನನಗೆ ಅದು ಇಷ್ಟವೇ ಆಯಿತು. ಈಗಿನ ಸೆಟ್‌ಟಾಪ್ ಬಾಕ್ಸಿನ ನೀಲಿ ಲೈಟಿನ ಹಾಗೆ ಕಣ್ಣಿಗೆ ಚುಚ್ಚುವುದಿಲ್ಲ, ಎಷ್ಟು ಹಿತವಾಗಿದೆ ನೋಡು ಅಂತ ಹೆಂಡತಿಯನ್ನು ಕರೆದು ತೋರಿಸಿದೆ.

ಮೊದಲು ಬಂದದ್ದು ಹಾಡಲ್ಲ, ಹೂಂಕಾರ. ಹೂಂ ಅಂತ ಒಂದೇ ಸಮ. 50 ಹರ್ಟ್ಸ್, ನಮ್ಮ ಕರೆಂಟಿನದ್ದೇ ಧ್ವನಿ. ಪ್ರೀಆಂಪಿಗೆ ಇದು ಹುಟ್ಟು ವೈರಿ. ಯಾಕೆ ಅಂತ ಈಗ ನೀವೇ ಹೇಳಬಹುದು. ಬಗ್ಗಿದ ಬೇಸನ್ನು ಎತ್ತಿ ನಿಲ್ಲಿಸುವುದೇ ಅದರ ಕೆಲಸ ಅಲ್ವಾ? ಅದು ರೆಕಾರ್ಡಿನಿಂದ ಬಂದದ್ದೋ ಗೋಡೆಯ ವೈರಿಂಗಿನಿಂದ ಬಂದದ್ದೋ ಅಂತ ಕೇಳುವುದಿಲ್ಲ. 50 ಹರ್ಟ್ಸ್‌ನಲ್ಲಿ 1000 ಹರ್ಟ್ಸ್‌ನದ್ದಕ್ಕಿಂತ ಏಳು ಪಟ್ಟು ಜಾಸ್ತಿ ಎತ್ತುತ್ತದೆ. ನೂರರ ಜಾಗದಲ್ಲಿ ಏಳುನೂರು ಪಟ್ಟು. ನಮ್ಮ ಶಾಲೆಯ ಸಂಗೀತದ ಟೀಚರಿಗೆ ಫೋನಿನಲ್ಲಿ ಕೇಳಿಸಿದೆ. "ಹೆಚ್ಚುಕಮ್ಮಿ ಬಿಳಿ ಐದು, ಕೂದಲಷ್ಟು ಮೇಲೆ" ಅಂದರು. ಶ್ರುತಿಪೆಟ್ಟಿಗೆ ಬೇರೆ ಬೇಡ ಅಂತ ನಕ್ಕೆವು. ಟರ್ನ್‌ಟೇಬಲಿನ ಸಪೂರ ಅರ್ಥ್ ವೈರನ್ನು ಪ್ರೀಆಂಪಿನ ಸ್ಕ್ರೂ ಕೆಳಗೆ ಬಿಗಿದೆ. ಟ್ರಾನ್ಸ್‌ಫಾರ್ಮರನ್ನು ಬೇರೆ ಡಬ್ಬಿಗೆ ಹಾಕಿ ಒಂದು ಮಾರು ದೂರ ಇಟ್ಟೆ. ಹೂಂಕಾರ ಹೋಯಿತು.

ಕಾಳಿಂಗರಾಯರು ಬಂದರು.

ಏನು ಹೇಳಲಿ. ಸೊಳ್ಳೆ ಹೋಗಿ ಮನುಷ್ಯ ಬಂದಿದ್ದ. ಜೊತೆಗೆ ಸೋಹನ್ ಕುಮಾರಿ, ಮೋಹನ್ ಕುಮಾರಿ. ಗರಗರ ಇತ್ತು, ನಡುವೆ ಟಿಕ್ ಟಿಕ್ ಇತ್ತು, ಆದರೂ ಆ ದನಿ ಎದೆಯಿಂದ ಹೊರಟು ಬರುತ್ತಿತ್ತು. ಅಮ್ಮ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಬಾಗಿಲ ಹತ್ತಿರ ನಿಂತರು. ಎರಡು ದಿನ ಬೇರೆ ಕೆಲಸವೇ ಮಾಡಲಿಲ್ಲ ನಾನು.

ಮೂರನೇ ದಿನ ಅನಿಸಿತು, ರಾಯರು ಯಾಕೆ ಬಲಗಡೆಗೆ ಸರಿದು ನಿಂತಿದ್ದಾರೆ?

ಇದು ಮೋನೋ ರೆಕಾರ್ಡು. ಎರಡು ಸ್ಪೀಕರಿಗೂ ಹೋಗುವುದು ಒಂದೇ. ಹಾಗಾದರೆ ದನಿ ಎರಡರ ನಟ್ಟನಡುವೆ ಇರಬೇಕು. ಇಲ್ಲಿ ಕಂಠ ಸ್ವಲ್ಪ ಬಲಕ್ಕಿತ್ತು. ಗಮನಿಸಿ ಕೇಳಿದರೆ ಸಕಾರ ಶಕಾರಗಳೆಲ್ಲ ಪೂರ್ತಿ ಬಲದಿಂದಲೇ. ತಾಳದ ಕಿಣಿಕಿಣಿಯೂ ಬಲದಿಂದಲೇ. ಎಡಗಡೆಯ ಸ್ಪೀಕರು ಕಂಬಳಿ ಹೊದ್ದು ಹಾಡಿದ ಹಾಗೆ.

ಮೊದಲು ಸಂಶಯ ಬಂದದ್ದು ನನ್ನ ಎಡಗಿವಿಯ ಮೇಲೆ. ವಯಸ್ಸಾಯಿತಲ್ಲ. ಕುರ್ಚಿಯನ್ನು ತಿರುಗಿಸಿ ಸ್ಪೀಕರಿಗೆ ಬೆನ್ನು ಹಾಕಿ ಕೂತೆ. ಆಗ ಮಂಕು ಬಲಗಿವಿಗೆ ಬಂತು. ಕಿವಿ ಬಚಾವ್. ಗೋಡೆಗೆ ಮುಖ ಹಾಕಿ ಹಾಡು ಕೇಳುವ ಅಪ್ಪನನ್ನು ಮಗಳು ಫೋಟೋ ತೆಗೆದು ಅತ್ತೆಗೆ ಕಳಿಸಿದಳು.

ಆಮೇಲೆ ರೆಕಾರ್ಡುಗಳ ಮೇಲೆ. ಎಲ್ಲವನ್ನೂ ಮತ್ತೊಮ್ಮೆ ತೊಳೆದೆ. ಆಮೇಲೆ ಕಾರ್ಟ್ರಿಜ್ ಮೇಲೆ. ಇಲ್ಲಿ ಸಿಟ್ಟೇ ಬಂತು, ದುಡ್ಡು ಕೊಟ್ಟದ್ದು ಅದಕ್ಕೇ ಜಾಸ್ತಿ. ಕೊಟ್ಟವರಿಗೆ ಕಾಗದ ಬರೆಯಲು ಕೂತೆ. ಒಳ್ಳೆ ಖಾರವಾಗಿ, ವ್ಯಾಕರಣಶುದ್ಧವಾಗಿ ಒಂದೂವರೆ ಪುಟ. ಕಳಿಸುವ ಮೊದಲು ಒಂದು ಪರೀಕ್ಷೆ ಮಾಡುವ ಅನಿಸಿತು. ಟರ್ನ್‌ಟೇಬಲಿನಿಂದ ಪ್ರೀಆಂಪಿಗೆ ಬರುವ ಎರಡು ವೈರುಗಳನ್ನು ಅದಲು ಬದಲು ಮಾಡಿದೆ. ತಪ್ಪು ಕಾರ್ಟ್ರಿಜ್‌ನದ್ದಾದರೆ ಮಂಕು ಬಲಕ್ಕೆ ಹೋಗಬೇಕು. ಹೋಗಲಿಲ್ಲ. ಎಡಕ್ಕೇ ಕೂತಿತ್ತು. ಅದನ್ನು ಮೊದಲಿನ ಹಾಗೆ ಮಾಡಿ, ಪ್ರೀಆಂಪಿನಿಂದ ಆಂಪ್ಲಿಫೈಯರಿಗೆ ಹೋಗುವ ವೈರುಗಳನ್ನು ಬದಲಿಸಿದೆ. ಮಂಕು ಟಪಕ್ಕಂತ ಬಲಕ್ಕೆ ಹೋಯಿತು.

ಅಂದರೆ ಪ್ರೀಆಂಪ್. ಅಂದರೆ ನಾನು.

ಕಾಗದ ಹರಿದು ಹಾಕಿದೆ. ಬೋರ್ಡು ಬಿಚ್ಚಿ ಎಡಭಾಗದ ಬೆಸುಗೆಗಳನ್ನೆಲ್ಲ ಪುನಃ ಕಾಯಿಸಿದೆ, ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ, ಇರಬಹುದು ಅಂತ. ಏನೂ ಬದಲಾಗಲಿಲ್ಲ. ಐಸಿ ಬದಲಿಸಿದೆ. ಅದೂ ಇಲ್ಲ. ಹೀಗೆ ಮೂರು ವಾರ. ಕೊನೆಗೆ ಒಂದು ಶನಿವಾರ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಪೇಟೆಗೆ ಇಳಿದೆ.

ಇಚ್ಚ ಹಾಡು ಕೇಳಲಿಲ್ಲ. ಮುಚ್ಚಳ ತೆಗೆದು, ಪ್ಲಗ್ ಹಾಕಿ, ಎಲ್‌ಇಡಿಯನ್ನೇ ನೋಡಿದರು. "ಈಗ ಸೀರೀಸ್ ಇಲ್ಲ. ಈಗಲೂ ಮಂಕೇ" ಅಂದರು. ಪ್ಲಗ್ ಕಿತ್ತರು. ಹಳದಿ ಮೀಟರು ತೆಗೆದು ಅದರ ಒಂದು ಕಡ್ಡಿಯನ್ನು ಬಲಗಡೆಯ ಸಾಕೆಟ್ಟಿನ ನಡುವಿನ ತೂತಿಗೆ, ಇನ್ನೊಂದನ್ನು ಹೊರಗಿನ ಬಳೆಗೆ ಇಟ್ಟರು. 46.9 ಅಂತ ತೋರಿಸಿತು, ಕಿಲೋ ಓಮ್. ಓಮ್ ಅಂದರೆ ತಡೆಯ ಅಳತೆ, ಕಿಲೋ ಅಂದರೆ ಸಾವಿರ. ಎಡಗಡೆಗೆ ಇಟ್ಟರು. 4.7.

ನಾನು ಬಿಂದು ಎಲ್ಲಿದೆ ಅಂತ ಬಗ್ಗಿ ನೋಡಿದೆ.

ಅವರು ಮಾತಾಡಲಿಲ್ಲ. ಬೋರ್ಡನ್ನು ಬಾಗಿಲಿನ ಬೆಳಕಿಗೆ ಹಿಡಿದು, ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಎಡಗಡೆಯ ಹಾಡು ಪ್ರೀಆಂಪಿನ ಒಳಗೆ ಬರುವ ಬಾಗಿಲಿನ ರೆಸಿಸ್ಟರು: ಹಳದಿ, ನೇರಳೆ, ಕಪ್ಪು, ಕಂದು, ಕಂದು. ಎಲ್‌ಇಡಿಯ ಪಕ್ಕದ್ದು: ಹಳದಿ, ನೇರಳೆ, ಕಪ್ಪು, ಕೆಂಪು, ಕಂದು. ನಾಲ್ಕು, ಏಳು, ಸೊನ್ನೆ ಎರಡರಲ್ಲೂ ಒಂದೇ. ನಾಲ್ಕನೇ ಪಟ್ಟಿ ಕಂದಾದರೆ 470ಕ್ಕೆ ಹತ್ತರಿಂದ ಗುಣಿಸಬೇಕು, ಕೆಂಪಾದರೆ ನೂರರಿಂದ. ಒಂದು 4,700 ಓಮ್, ಇನ್ನೊಂದು 47,000. ನೀಲಿ ಮೈಯ ಮೇಲೆ ಕೂದಲಿನಷ್ಟು ಸಪೂರ ಪಟ್ಟಿ. ಎಮರ್ಜೆನ್ಸಿ ಲ್ಯಾಂಪಿನ ಬೆಳಕು. ಎಲ್‌ಇಡಿಗೆ ಹೋಗಬೇಕಾದದ್ದು ಹಾಡಿನ ಬಾಗಿಲಲ್ಲಿ ಕೂತಿತ್ತು. ಹಾಡಿನ ಬಾಗಿಲಿನದ್ದು ಎಲ್‌ಇಡಿಯ ಹತ್ತಿರ ಹೋಗಿ, ಬರುವ ಕರೆಂಟನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿ, ಅದನ್ನು ಮಿಣುಕುಹುಳ ಮಾಡಿತ್ತು.

"ಅವತ್ತೇ ಹೇಳಿದ್ದೆ ಅಲ್ವಾ ಮಾಷೇ, ಲೈಟು ಮಂಕು ಅಂತ."

ಹೌದು, ಹೇಳಿದ್ದರು. ನಾನು ಅದನ್ನು ಹಿತ ಅಂತ ಹೆಂಡತಿಗೆ ತೋರಿಸಿದ್ದೆ.

ಆ ರೆಸಿಸ್ಟರು ಒಂದೇ ಸಕಾರ ಶಕಾರಗಳನ್ನು ಹೇಗೆ ನುಂಗಿತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಕಾರ್ಟ್ರಿಜ್ ಒಳಗೆ ಕೂದಲಿನಷ್ಟು ಸಪೂರ ತಂತಿಯ ಸುರುಳಿ ಇದೆ. ಅದರ ಇಂಡಕ್ಟೆನ್ಸ್ 550 ಮಿಲಿಹೆನ್ರಿ. ಸುರುಳಿಯ ಗುಣ ಏನೆಂದರೆ, ಸ್ವರ ಮೇಲೆ ಹೋದಷ್ಟೂ ಅದು ತಡೆಯುತ್ತದೆ. ಎದುರಿಗೆ 47,000 ಓಮ್ ಇದ್ದರೆ ಆ ತಡೆ ಲೆಕ್ಕಕ್ಕೇ ಬರುವುದಿಲ್ಲ. ಕಾರ್ಟ್ರಿಜ್ ಮಾಡುವವರೂ ಅಷ್ಟೇ ಇರಬೇಕು ಅಂತ ಹೇಳಿರುತ್ತಾರೆ. 4,700 ಇಟ್ಟರೆ 1500 ಹರ್ಟ್ಸ್‌ನಿಂದಲೇ ಇಳಿಜಾರು ಶುರು. ದನಿಯ ಗಾತ್ರ ಹೆಚ್ಚು ತಗ್ಗುವುದಿಲ್ಲ, ಹೊಳಪು ಮಾತ್ರ ಹೋಗುತ್ತದೆ. ಕಂಬಳಿ ಅಂತ ನನಗೆ ಕೇಳಿಸಿದ್ದು ಅದು.

ಬದಲಿಸಿ ಕೊಡಿ ಅಂದರೆ ಇಚ್ಚ ಸ್ಟೂಲು ಬಿಟ್ಟು ಎದ್ದರು. "ನೀವೇ ತೆಗೀರಿ." ಸಕ್ಕರ್ ಕೈಗೆ ಕೊಟ್ಟು ಎದುರಿನ ಹೋಟೆಲಿಗೆ ಚಾ ಕುಡಿಯಲು ಹೋದರು. ಕಾಯಿಸು, ಗುಂಡಿ ಒತ್ತು, ಟಪ್ ಅಂತ ಲೆಡ್ಡು ಒಳಗೆ. ಮೂರು ಕಾಲು ಚಂದ ಬಂದವು. ನಾಲ್ಕನೆಯದಕ್ಕೆ ಅವಸರ ಮಾಡಿದೆ, ತಾಮ್ರದ ಪ್ಯಾಡೇ ಎದ್ದು ಬಂತು. ರೆಸಿಸ್ಟರಿನ ಕತ್ತರಿಸಿದ ಕಾಲೊಂದನ್ನು ಬಗ್ಗಿಸಿ ಸೇತುವೆ ಹಾಕಿದೆ. ಇಚ್ಚ ಬಂದು ನೋಡಿ "ಚಂದ ಇಲ್ಲ, ಗಟ್ಟಿ ಉಂಟು" ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಕಾಳಿಂಗರಾಯರ ಒಂದು ಹಾಡನ್ನು ಫೋನಿಗೆ ಕಳಿಸಲು ಹೇಳಿದರು, ಅಷ್ಟೇ.

ರಾಯರು ಈಗ ನಡುವೆ ನಿಂತು ಹಾಡುತ್ತಾರೆ. ಎಲ್‌ಇಡಿ ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಹೆಂಡತಿ ತನ್ನ ಸ್ಟಿಕ್ಕರ್ ಬಿಂದಿ ಒಂದನ್ನು ತೆಗೆದು ಅದರ ಮೇಲೆ ಅಂಟಿಸಿದ್ದಾಳೆ. ಕೆಂಪು ಅಂದುಕೊಂಡಿದ್ದೆ. ಕಂದಂತೆ.

ಕೋಲಾಟದ ರೆಕಾರ್ಡನ್ನು ಕೊನೆಗೆ ಅಂತ ಇಟ್ಟಿದ್ದೆ. ತುಲಾ ತಿಂಗಳ ಒಂದು ಸಂಜೆ ಹಾಕಿದೆವು, ಎರಡನೇ ಬದಿ. ಹೆಂಗಸರ ಗುಂಪು ಹಾಡು, ಡೋಲು, ಕೋಲಿನ ಪೆಟ್ಟು. ದೂರದಲ್ಲಿ ಗುಡುಗುತ್ತಿತ್ತು. ಪ್ಲಗ್ ಕೀಳಬೇಕು ಅಂತ ಏಳುವಷ್ಟರಲ್ಲಿ ಕರೆಂಟೇ ಹೋಯಿತು. ಹಾಡು ಒಂದು ಕ್ಷಣ ದಪ್ಪಗಾಗಿ, ಎಳೆದು, ನಿಂತಿತು.

ಕತ್ತಲೆಯಲ್ಲಿ ಮಗಳು, "ಮಧ್ಯದಲ್ಲಿ ನಿಲ್ಲಿಸಬೇಡಿ ಅಂತ ಬರೆದಿದೆಯಲ್ಲ" ಅಂದಳು. ಎದ್ದು ಹೋಗಿ ತಟ್ಟೆಯ ಅಂಚಿಗೆ ಬೆರಳಿಟ್ಟು ತಿರುಗಿಸತೊಡಗಿದಳು. ನಾನು ಪ್ಲಗ್ ಕಿತ್ತು ಬಂದು ಪಕ್ಕದಲ್ಲಿ ಬಗ್ಗಿ ಸೂಜಿಯ ಹತ್ತಿರ ಕಿವಿ ಇಟ್ಟೆ. ಆಂಪ್ಲಿಫೈಯರ್ ಇಲ್ಲ, ಪ್ರೀಆಂಪ್ ಇಲ್ಲ. ಸೂಜಿಯೇ ಹಾಡುತ್ತಿತ್ತು, ಇರುವೆಯಷ್ಟು ಸಣ್ಣಗೆ. ಡೋಲು ಇರಲೇ ಇಲ್ಲ, ಅದು ಇನ್ನೂ ಬಾಗಿಲಲ್ಲಿ ಬಗ್ಗಿಯೇ ನಿಂತಿತ್ತು. ಕೋಲಿನ ಪೆಟ್ಟು ಮಾತ್ರ ಟಿಕ್ ಟಿಕ್ ಅಂತ ಸ್ಪಷ್ಟ, ಅವಳ ಬೆರಳಿನ ಹಾಗೆ ಒಮ್ಮೆ ಬೇಗ, ಒಮ್ಮೆ ನಿಧಾನ.

"ಕೇಳ್ತದಾ?" ಅಂದರು ಅಮ್ಮ, ಒಳಗಿನಿಂದ.

"ಶ್ಶ್" ಅಂದಳು ಮಗಳು. ಇನ್ನೂ ಅರ್ಧ ಹಾಡು ಬಾಕಿ ಇತ್ತು.